ಉಗ್ರ ಸಂಘಟನೆಯ ಬೇರು ಹುಡುಕುವುದು ಹೇಗೆ?

ಐಸಿಸ್ ಮಾತು ಬಂದಾಗಲೆಲ್ಲ ತರಗತಿಯಲ್ಲಿ ಯಾರಾದರೊಬ್ಬರು ‘ಇವರು ಹಳೇ ಖಾರಿಜಿಗಳೇ ಅಲ್ವಾ ಸರ್?’ ಎಂದು ಕೇಳಿಯೇ ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಆದರೆ ಹೋಲಿಕೆ ಬೇರೆ, ನಂಟು ಬೇರೆ. ಎರಡನ್ನೂ ಬಿಡಿಸಿಕೊಳ್ಳಲು ಒಂದು ಹಾಳೆ ಸಾಕು.

ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹೋಲಿಕೆ, ಬಲಕ್ಕೆ ನಂಟು. ಖಾರಿಜಿಗಳನ್ನು ಎಡಕ್ಕೆ ಬರೆಯಿರಿ. 657ರಲ್ಲಿ ಸಿಫ್ಫೀನ್ ಯುದ್ಧದ ಹೊತ್ತಿಗೆ ಖಲೀಫ ಅಲಿ ಸಂಧಾನಕ್ಕೆ ಒಪ್ಪಿದರೆಂದು ಸಿಟ್ಟಾಗಿ ಅವರ ಪಡೆ ಬಿಟ್ಟು ಹೋದವರು ಇವರು. 661ರಲ್ಲಿ ಅಲಿಯನ್ನು ಕೊಂದವನೂ ಇವರಲ್ಲೊಬ್ಬ. ತಮ್ಮ ಮಾತು ಒಪ್ಪದ ಮುಸ್ಲಿಮರನ್ನೇ ಧರ್ಮ ಬಿಟ್ಟವರೆಂದು ಕೊಲ್ಲುವುದು ಇಬ್ಬರಲ್ಲೂ ಇದೆ. ಅಷ್ಟೇ. ನಡುವೆ ಗುರು–ಶಿಷ್ಯರ ಸರಪಳಿ ಇಲ್ಲ. ಐಸಿಸ್‌ನವರಿಗೂ ಆ ಹೆಸರು ಬೈಗುಳವೇ!

ಬಲಭಾಗಕ್ಕೆ ಇತ್ತೀಚಿನ ವರ್ಷದಿಂದ ಹಿಂದಕ್ಕೆ ಹೋಗಿ. 2014ರ ಜೂನ್‌ನಲ್ಲಿ ಐಸಿಸ್‌ಗೆ ಇರಾಕಿನ ಮೊಸುಲ್ ನಗರ ಕೈವಶ, ಖಿಲಾಫತ್ ಘೋಷಣೆ. 2006ರಲ್ಲಿ ಅದರ ಹಿಂದಿನ ರೂಪ, ‘ಇಸ್ಲಾಮಿಕ್ ಸ್ಟೇಟ್ ಆಫ್ ಇರಾಕ್’. 2004ರಲ್ಲಿ, ಇದರ ಮೂಲ ಗುಂಪನ್ನು ಕಟ್ಟಿದ ಜೋರ್ಡಾನಿನ ಜರ್ಖಾವಿ ಅಲ್ ಖೈದಾದ ಬಿನ್ ಲಾಡೆನ್‌ಗೆ ನಿಷ್ಠೆ ಹೇಳಿದ. ಅದಕ್ಕೂ ಹಿಂದೆ, 2003ರ ಮೇನಲ್ಲಿ, ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ಇರಾಕಿನ ಸೇನೆಯನ್ನೇ ವಿಸರ್ಜಿಸಿದರು.

ಪ್ರತಿ ವರ್ಷದ ಮುಂದೆ ಮೂರು ವಿಷಯ ಗುರುತು ಹಾಕಿ. ಯಾರ ಕೆಲಸ ಹೋಯಿತು? ಯಾರು ಯಾವ ಜೈಲಿನಲ್ಲಿ ಒಟ್ಟಿಗಿದ್ದರು? ಬಂದೂಕು ಎಲ್ಲಿಂದ ಬಂತು? ಎರಡನೆಯದನ್ನು ಜನ ಜಾಸ್ತಿ ಮರೆಯುತ್ತಾರೆ. ಮುಂದೆ ಐಸಿಸ್‌ನ ಖಲೀಫ ಎನಿಸಿಕೊಂಡ ಬಗ್ದಾದಿ 2004ರಲ್ಲಿ ಇರಾಕಿನಲ್ಲಿ ಅಮೆರಿಕನ್ನರು ನಡೆಸುತ್ತಿದ್ದ ಬುಕ್ಕಾ ಬಂಧನ ಶಿಬಿರದಲ್ಲಿ ಬಂಧಿಯಾಗಿದ್ದ.

ಐಸಿಸ್‌ನ ಯೋಜನೆ ಹೆಣೆದವರಲ್ಲೊಬ್ಬನಾದ ಹಾಜಿ ಬಕ್ರ್‌ನ ಕಾಗದಗಳನ್ನೇ ನೋಡಿ. ಸದ್ದಾಂ ಕಾಲದ ವಾಯುರಕ್ಷಣಾ ಪಡೆಯ ಗುಪ್ತಚರ ಕರ್ನಲ್ ಅವನು. 2014ರ ಜನವರಿಯಲ್ಲಿ ಸಿರಿಯಾದಲ್ಲಿ ಸತ್ತ ಮೇಲೆ ಅವನು ಕೈಯಲ್ಲಿ ಬರೆದ ಹಾಳೆಗಳು ಸಿಕ್ಕವು. ಚೌಕ, ಗೆರೆ, ಹುದ್ದೆ. ಊರಿನ ಪ್ರಬಲ ಮನೆತನ ಯಾವುದು, ಅವರ ಆದಾಯ ಎಲ್ಲಿಂದ, ಬೆದರಿಸಲು ಬರುವಂಥ ಗುಟ್ಟೇನು ಎಂದು ಪತ್ತೆ ಹಚ್ಚುವ ಯೋಜನೆ. ಏಳನೇ ಶತಮಾನದ ವಾಸನೆಯೇ ಇಲ್ಲ. ಪೂರಾ ಪೊಲೀಸ್ ರಾಜ್ಯದ ಕಸುಬು. ನನ್ನ ಮಟ್ಟಿಗೆ ಘೋಷಣೆಗಳಿಗಿಂತ ಇಂಥ ಕಾಗದವೇ ದೊಡ್ಡ ಸಾಕ್ಷಿ. ಕಪ್ಪು ಬಾವುಟ, ಹಳೇ ಬಿರುದು, ಇವೆಲ್ಲ ಸಂಘಟನೆ ತನಗೆ ತಾನೇ ಕಟ್ಟಿಕೊಂಡ ವಂಶಾವಳಿ.

ಕೆಲವು ಎರಡೂ ಕಡೆ ಸುಲಭಕ್ಕೆ ಕೂರುವುದಿಲ್ಲ. ನೈಜೀರಿಯಾದ ಕಾನೋದಲ್ಲಿ 1980ರಲ್ಲಿ ಮೈತಾತ್ಸಿನೆ ಎಂಬ ಧರ್ಮಬೋಧಕನ ಅನುಯಾಯಿಗಳು ದಂಗೆ ಎದ್ದರು. ಸಾವಿರಾರು ಜನ ಸತ್ತರು, ಅವನೂ ಸತ್ತ. 1982ರಲ್ಲಿ ಮೈದುಗುರಿಯಲ್ಲಿ ಮತ್ತೆ ದಂಗೆ. ಬೋಕೋ ಹರಾಮ್ ಎಂಬ ಉಗ್ರ ಸಂಘಟನೆ ಬೆಳೆದದ್ದೂ ಅದೇ ಮೈದುಗುರಿಯಲ್ಲಿ. ಅದರ ಮುಖಂಡ ಮೊಹಮ್ಮದ್ ಯೂಸುಫ್ 2009ರಲ್ಲಿ ಪೊಲೀಸ್ ವಶದಲ್ಲಿ ಸತ್ತ. ಆಮೇಲೆ ಅವನ ಜಾಗಕ್ಕೆ ಬಂದ ಶೆಕಾವು ಕೈಯಲ್ಲಿ ಹಿಂಸೆ ಇನ್ನೂ ಹೆಚ್ಚಿತು. ಊರು ಒಂದೇ ಅಂತ ಸುಮ್ನೆ ಗಟ್ಟಿ ಗೆರೆ ಎಳೆಯಬೇಡಿ. ಚುಕ್ಕಿ ಗೆರೆ ಹಾಕಿಡಿ. ಎರಡೂ ಗುಂಪಿನಲ್ಲಿದ್ದವರ ಹೆಸರು ಸಿಕ್ಕರೆ ಆಗ ತುಂಬಿಸಿ.