ಬ್ಯಾನ್ಫ್‌ಗೆ ಕೆಲಸಕ್ಕೆ ಬರುವವರಿಗೆ: ಮನೆ ಗಟ್ಟಿಯಾಗದೆ ಟಿಕೆಟ್ ಬೇಡ

ಕೆನಡಾದ ಬ್ಯಾನ್ಫ್‌ನಲ್ಲಿ ಹೋಟೆಲು, ರೆಸ್ಟೋರೆಂಟು, ಸ್ಕೀ ರೆಸಾರ್ಟುಗಳು ಬಹುಮಟ್ಟಿಗೆ ನಡೆಯುವುದೇ ಹೊರಗಿನಿಂದ ಬಂದವರ ಕೈಯಲ್ಲಿ. ಕೆಲಸ ಹೇಗೋ ಸಿಗುತ್ತದೆ, ಕಷ್ಟ ಇರುವುದು ಮನೆಯದು. ಊರು ರಾಷ್ಟ್ರೀಯ ಉದ್ಯಾನದೊಳಗಿದೆ, ನೆಲ ಕೇಂದ್ರ ಸರ್ಕಾರದ್ದು. 1990ರಿಂದ ಸ್ವಂತ ಪುರಸಭೆ ಇದ್ದರೂ ಊರಿನ ಗಡಿಯನ್ನು ಕಾನೂನೇ ಗೆರೆ ಎಳೆದು ನಿಲ್ಲಿಸಿದೆ, ಹೊಸ ಬಡಾವಣೆಗೆ ಜಾಗವಿಲ್ಲ.

ದುಡ್ಡಿದ್ದವರೆಲ್ಲ ಇಲ್ಲಿ ನೆಲೆಸುವಂತೆಯೂ ಇಲ್ಲ. ನಿಮ್ಮ ಮುಖ್ಯ ಉದ್ಯೋಗ ಅಥವಾ ವ್ಯಾಪಾರ ಉದ್ಯಾನದೊಳಗೇ ಇರಬೇಕು. ಅಂಥವರ ಸಂಗಾತಿ, ಮಕ್ಕಳಿಗೆ ಅವಕಾಶವಿದೆ. ಉದ್ಯಾನದ ಹೊರಗಿನ ಕ್ಯಾಲ್ಗರಿ ನಗರದ ಕಂಪನಿಯ ಕೆಲಸವನ್ನು ಬೆಟ್ಟ ನೋಡುತ್ತಾ ಇಲ್ಲಿಂದ ಮಾಡೋಣ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ.

ವೀಸಾ ವಿಷಯ. ಇಲ್ಲಿ ಕಾಣುವ ಆಸ್ಟ್ರೇಲಿಯಾ, ಬ್ರಿಟನ್ ಹುಡುಗ ಹುಡುಗಿಯರಲ್ಲಿ ಅನೇಕರು ಬರುವ ವರ್ಕಿಂಗ್ ಹಾಲಿಡೇ ಪರ್ಮಿಟ್ಟಿಗೆ (ಯುವಜನರು ಸುತ್ತಾಡುತ್ತಾ ಕೆಲಸವನ್ನೂ ಮಾಡಲು ಕೊಡುವ ಪರವಾನಗಿ) ಭಾರತದೊಂದಿಗೆ ಒಪ್ಪಂದವೇ ಇಲ್ಲ. ಅದನ್ನು ಕೊಡಿಸುತ್ತೇನೆ ಅನ್ನುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ. ಮಾಲೀಕರು ಎಲ್‌ಎಂಐಎ (ವಿದೇಶಿ ಕೆಲಸಗಾರರನ್ನು ಕರೆಸಲು ಸರ್ಕಾರದಿಂದ ಪಡೆಯುವ ಒಪ್ಪಿಗೆ) ಮಾಡಿಸಿ ಕರೆಸಿಕೊಂಡರೆ, ಅದರ 1,000 ಡಾಲರ್ ಶುಲ್ಕ ಪೂರ್ತಿ ಅವರದೇ. ನಿಮ್ಮ ಸಂಬಳದಿಂದ ಹಿಡಿದುಕೊಳ್ಳುವಂತಿಲ್ಲ.

ಕೆಲಸದ ಪತ್ರಕ್ಕೆ ಸಹಿ ಹಾಕುವ ಮುನ್ನ ಇವುಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ಸಿಬ್ಬಂದಿ ವಸತಿ ಇದೆಯೇ, ಬಾಡಿಗೆ ಎಷ್ಟು, ಒಂದು ಕೋಣೆಗೆ ಎಷ್ಟು ಜನ, ಅಡುಗೆಗೆ ಒಲೆ ಇದೆಯೇ, ಕೆಲಸ ಬಿಟ್ಟರೆ ಖಾಲಿ ಮಾಡಲು ಎಷ್ಟು ದಿನ. ಕೊನೆಯದನ್ನು ಮರೆಯಲೇಬೇಡಿ. ಪರ್ಮಿಟ್ ಒಬ್ಬ ಮಾಲೀಕರಿಗೇ ಕಟ್ಟಿಬಿದ್ದು, ಮನೆಯೂ ಅವರದೇ ಆದರೆ, ಜಗಳವಾದ ದಿನ ಕೆಲಸ, ಸೂರು ಎರಡೂ ಒಟ್ಟಿಗೇ ಹೋಗುತ್ತವೆ. ಅಕ್ಟೋಬರ್-ನವೆಂಬರ್, ಏಪ್ರಿಲ್-ಮೇ ತಿಂಗಳಲ್ಲಿ ಪ್ರವಾಸಿಗರು ಕಡಿಮೆ, ಶಿಫ್ಟುಗಳೂ ಕಡಿಮೆ. ವಾರಕ್ಕೆ ಕನಿಷ್ಠ ಎಷ್ಟು ಗಂಟೆ ಖಾತ್ರಿ ಎಂದು ಕೇಳದೆ ಬಂದವರಿಗೆ ಬಾಡಿಗೆ ಕಟ್ಟುವುದೇ ಕಷ್ಟ. ಬ್ಯಾನ್ಫ್ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ದಿನಕ್ಕೆ 8 ಅಥವಾ ವಾರಕ್ಕೆ 44 ಗಂಟೆ ದಾಟಿದರೆ ಸಾಮಾನ್ಯವಾಗಿ ಒಂದೂವರೆ ಪಟ್ಟು ಕೂಲಿ.

ಸಿಬ್ಬಂದಿ ವಸತಿ ಬಿಟ್ಟು ಹೊರಗೆ ಬಾಡಿಗೆಗೆ ಹೋದರೆ, ಠೇವಣಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಒಳಹೋಗುವ ವಾರದೊಳಗೆ ಮಾಲೀಕರ ಜೊತೆ ಮನೆ ಪರಿಶೀಲಿಸಿ ವರದಿ ಮಾಡಿಸಿ: ಒಲೆಯ ಬಿರುಕು, ಕಾರ್ಪೆಟ್ ಕಲೆ, ಕಿಟಕಿಯ ಚಿಲಕ ಎಲ್ಲವೂ ಅದರಲ್ಲಿರಲಿ. ವರದಿ ಮಾಡದ ಮಾಲೀಕರು ಹಾನಿಯ ಹೆಸರಲ್ಲಿ ಠೇವಣಿ ಮುರಿದುಕೊಳ್ಳುವಂತಿಲ್ಲ.

ಪುರಸಭೆಯ ವಸತಿ ಸಂಸ್ಥೆಯಾದ ಬ್ಯಾನ್ಫ್ ಹೌಸಿಂಗ್ ಕಾರ್ಪೊರೇಷನ್ನಿನ ಬಾಡಿಗೆ ಮನೆಗಳಿಗೂ ಹೆಸರು ಹಚ್ಚಿಡಿ. ಸರದಿ ಕಾಯಬೇಕು, ಆದರೆ ಹಚ್ಚದವರಿಗೆ ಸರದಿಯೇ ಬರುವುದಿಲ್ಲ. ವಸತಿ ಯೋಜನೆಗಳ ಬಗ್ಗೆ ಪುರಸಭೆ ಸಾರ್ವಜನಿಕ ವಿಚಾರಣೆ ಇಟ್ಟಾಗ ಸುಮ್ಮನಿರಬೇಡಿ. ಓಟು ಕೆನಡಾ ಪ್ರಜೆಗಳಿಗಷ್ಟೇ, ಮಾತು ಎಲ್ಲ ನಿವಾಸಿಗಳಿಗೂ. ಅಲ್ಲಿ ಮನೆಯಿದ್ದವರ ಆಕ್ಷೇಪ ಜೋರಾಗಿ ಕೇಳುತ್ತದೆ. ಒಂದು ಕೋಣೆಯಲ್ಲಿ ಮೂವರು ಮಲಗುವವರು ರಾತ್ರಿ ಪಾಳಿಯಲ್ಲಿರುತ್ತಾರೆ, ಅವರ ಮಾತು ಅಲ್ಲಿ ಕೇಳುವುದಿಲ್ಲ. ಹೋಗಲಾಗದಿದ್ದರೆ ನಾಲ್ಕು ಸಾಲು ಬರೆದು ಕಳಿಸಿ.

ಸುಮಾರು 25 ಕಿ.ಮೀ. ದೂರದ ಕ್ಯಾನ್‌ಮೋರ್ ಉದ್ಯಾನದ ಹೊರಗಿದೆ, ಉದ್ಯಾನದೊಳಗೇ ಕೆಲಸವಿರಬೇಕೆಂಬ ವಾಸದ ನಿಯಮ ಅಲ್ಲಿಲ್ಲ. ಬಾಡಿಗೆ ಅಗ್ಗವೇನಲ್ಲ. ಇಲ್ಲಿನ ಸಾರ್ವಜನಿಕ ಬಸ್ಸಾದ ರೋಮ್‌ನ (Roam) 3ನೇ ಮಾರ್ಗ ಎರಡೂ ಊರನ್ನು ಜೋಡಿಸುತ್ತದೆ. ಅಲ್ಲಿ ಮನೆ ಹಿಡಿಯುವ ಮೊದಲು, ನಿಮ್ಮ ಶಿಫ್ಟ್ ಮುಗಿದ ಮೇಲೂ ಬಸ್ಸಿದೆಯೇ ಎಂದು ವೇಳಾಪಟ್ಟಿ ನೋಡಿ.