ಅನಿಸಿದ್ದಕ್ಕಿಂತ ಮೊದಲು ಕಂಡದ್ದು: ಈಚಿನ ಸಿನಿಮಾಗಳ ವಿಮರ್ಶೆ ಬರೆಯುವ ಬಗೆ

ಸಿನಿಮಾ ಮುಗಿದ ಮೇಲೆ ನಾನು ಮೊದಲು ಬರೆದುಕೊಳ್ಳುವುದು ಮೂರೇ ಸಂಗತಿ: ಏನು ತೋರಿಸಿದರು, ಏನು ಕೇಳಿಸಿದರು, ಯಾವುದನ್ನು ತೋರಿಸದೆ ತಡೆದರು. ಚೆನ್ನಾಗಿತ್ತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಮೂರರಲ್ಲಿ ನನಗೆ ಹೆಚ್ಚು ಫಲ ಕೊಟ್ಟಿರುವುದು ಕೊನೆಯದು. ತಡೆದದ್ದೇನು, ಯಾಕೆ ಅಂತ ಹುಡುಕುತ್ತ ಹೋದರೆ ನಿರ್ದೇಶಕರ ಲೆಕ್ಕಾಚಾರ ಸಿಗುತ್ತದೆ. ಆ ಲೆಕ್ಕ ಎಲ್ಲಿ ತಪ್ಪಿತು ಅನ್ನುವುದೂ ಅಲ್ಲೇ ಸಿಗುತ್ತದೆ.

ಕತ್ತಲಲ್ಲಿ ಟಿಪ್ಪಣಿ ಮಾಡಲು ಅಂಗೈಯಗಲದ ಪುಸ್ತಕ, ದಪ್ಪ ಮೊನೆಯ ಪೆನ್ಸಿಲ್ ಸಾಕು. ಪೆನ್ನು ಬೇಡ. ಶಾಯಿ ಇಳಿಯದಿದ್ದರೆ ಕತ್ತಲಲ್ಲಿ ಗೊತ್ತೇ ಆಗುವುದಿಲ್ಲ, ಹೊರಗೆ ಬಂದು ನೋಡಿದರೆ ಖಾಲಿ ಗೀರು ಮಾತ್ರ ಇರುತ್ತದೆ. ಪುಟಕ್ಕೆ ನಾಲ್ಕೈದು ಪದ, ದೊಡ್ಡ ಅಕ್ಷರ. ಎಡಗೈ ಹೆಬ್ಬೆರಳನ್ನು ಕೊನೆಯ ಸಾಲಿನ ಮೇಲೆ ಇಟ್ಟುಕೊಂಡರೆ ಸಾಲಿನ ಮೇಲೆ ಸಾಲು ಬೀಳುವುದಿಲ್ಲ. ಎರಡು ಗಂಟೆಯ ಸಿನಿಮಾಕ್ಕೆ 30ರಿಂದ 40 ಪದ ಬಂದರೆ ಸರಿ. 100 ಪದ ಆಗಿದ್ದರೆ ಅಷ್ಟು ಹೊತ್ತು ಕಣ್ಣು ಪರದೆಯ ಮೇಲೆ ಇರಲಿಲ್ಲ ಅಂತಲೇ ಅರ್ಥ. ಬರೆಯುವುದು ವಸ್ತುಗಳ ಹೆಸರು ಮಾತ್ರ: ಬಾಗಿಲು, ಹಾಲು, ಕೆಂಪು ಕುಕ್ಕರ್. 'ಸೂಪರ್ ಸೀನ್' ಅಂತ ಬರೆದಿಟ್ಟರೆ ಮಾರನೆ ದಿನ ಅದು ಯಾವ ಸೀನ್ ಅಂತಲೇ ನೆನಪಿರುವುದಿಲ್ಲ. ಈ ಪದಗಳನ್ನು ಸಿನಿಮಾ ಮುಗಿದ ಒಂದು ಗಂಟೆಯೊಳಗೆ ವಾಕ್ಯಗಳಾಗಿ ಬಿಡಿಸಿಕೊಳ್ಳಬೇಕು, ಅದೂ ಯಾರ ಜತೆಗೂ ಸಿನಿಮಾದ ಬಗ್ಗೆ ಮಾತಾಡುವ ಮೊದಲು. ಮಾತಾಡಿದರೆ ಬೇರೆಯವರ ಮಾತು ನಮ್ಮ ನೆನಪಿನೊಳಗೆ ಸೇರಿಕೊಳ್ಳುತ್ತದೆ.

'ಅನಾಟಮಿ ಆಫ್ ಎ ಫಾಲ್' (2023, ಜಸ್ಟೀನ್ ತ್ರಿಯೇ) ನೋಡಿದಾಗ ನನ್ನ ಪುಟದಲ್ಲಿ ಉಳಿದದ್ದು ಇಷ್ಟು: 'ಅಡುಗೆಮನೆ, ಕೋರ್ಟ್, ಏಟು ಕಾಣಲಿಲ್ಲ.' ಗಂಡ ಮನೆಯ ಮೇಲಿನಿಂದ ಬಿದ್ದು ಸತ್ತಿದ್ದಾನೆ, ಆರೋಪ ಹೆಂಡತಿಯ ಮೇಲಿದೆ. ಸಾಯುವ ಹಿಂದಿನ ದಿನ ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ್ದ ಜಗಳವನ್ನು ಕೋರ್ಟಿನಲ್ಲಿ ಕೇಳಿಸುತ್ತಾರೆ. ಮೊದಲು ಬರೀ ದನಿ. ಆಮೇಲೆ ಸಿನಿಮಾ ನಮ್ಮನ್ನು ಆ ಅಡುಗೆಮನೆಗೇ ಕರೆದೊಯ್ಯುತ್ತದೆ. ಇಬ್ಬರ ಮುಖ, ಕೈ, ಮೇಜು ಎಲ್ಲ ಕಾಣುತ್ತದೆ. ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಬಂದ ಕೂಡಲೇ ದೃಶ್ಯ ಕೋರ್ಟಿಗೆ ಮರಳುತ್ತದೆ. ಒಡೆಯುವ ಸದ್ದು, ಏಟಿನ ಸದ್ದು ಕೇಳುತ್ತೇವೆ, ಆದರೆ ಯಾರು ಯಾರಿಗೆ ಹೊಡೆದರು ಅನ್ನುವುದು ಕಾಣುವುದಿಲ್ಲ. ಆ ಕ್ಷಣ ತೆರೆಯ ಮೇಲಿರುವುದು ಕೇಳುತ್ತ ಕೂತವರ ಮುಖಗಳು. ಅಲ್ಲಿಯವರೆಗೆ ಎಲ್ಲ ಕಂಡಿದ್ದೇವೆ ಅಂದುಕೊಂಡಿದ್ದ ನಾವೂ ಅವರ ಸಾಲಿನಲ್ಲೇ ಕೂತುಬಿಡುತ್ತೇವೆ. ಇಡೀ ಸಿನಿಮಾದ ಹುರುಳು ಈ ಒಂದು ಕಟ್‌ನಲ್ಲಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 'ಕೊನೆಗೂ ಕೊಲೆ ಮಾಡಿದ್ದು ಯಾರು ಅಂತ ಹೇಳಲೇ ಇಲ್ಲ' ಅಂತ ಗೊಣಗುವ ವಿಮರ್ಶೆಗಳು ಈ ಕಟ್ ಅನ್ನು ಗಮನಿಸಿಲ್ಲ.

ಕೊರತೆಯೂ ಇದೆ. ಸರ್ಕಾರಿ ವಕೀಲನನ್ನು ವಿಪರೀತ ಕಟುವಾಗಿ ಬರೆದಿದ್ದಾರೆ. ಅವನು ಬಾಯಿ ತೆರೆದಾಗಲೆಲ್ಲ ನಮ್ಮ ಮನಸ್ಸು ಆರೋಪಿಯ ಕಡೆ ವಾಲುತ್ತದೆ. ಅಷ್ಟು ಜತನದಿಂದ ಸಮ ಹಿಡಿದ ತಕ್ಕಡಿಗೆ ಇದು ಸಲ್ಲದ ಭಾರ. ಇನ್ನೊಂದು ಎಚ್ಚರಿಕೆ ಸಬ್‌ಟೈಟಲ್ ಬಗ್ಗೆ. ನಾಯಕಿ ಜರ್ಮನ್ ಹೆಂಗಸು, ಮನೆಯಲ್ಲಿ ಆಡುವುದು ಇಂಗ್ಲಿಷ್, ವಿಚಾರಣೆ ಫ್ರೆಂಚಿನಲ್ಲಿ. ಅವಳು ಫ್ರೆಂಚ್ ಕೈಬಿಟ್ಟು ಇಂಗ್ಲಿಷಿಗೆ ತಿರುಗುವ ಗಳಿಗೆಯೇ ಒಂದು ಘಟನೆ. ಕೆಳಗಿನ ಸಾಲುಗಳನ್ನು ಮಾತ್ರ ಓದುತ್ತ ಕೂತರೆ ಎಲ್ಲವೂ ಒಂದೇ ಭಾಷೆಯಾಗಿ ಬಿಡುತ್ತದೆ. ಹಾಗಾಗಿ ಪರಭಾಷೆಯ ಸಿನಿಮಾಗಳ ಮುಖ್ಯ ದೃಶ್ಯಗಳನ್ನು ಎರಡನೇ ಸಲ ಸಬ್‌ಟೈಟಲ್ ಆರಿಸಿ ನೋಡುತ್ತೇನೆ. ಮೊದಲ ಸಲ ಓದುವ ಭರದಲ್ಲಿ ಎಷ್ಟು ಮುಖಭಾವ ಕೈತಪ್ಪಿತ್ತು ಅಂತ ಆಗಲೇ ಗೊತ್ತಾಗುವುದು.

ಎರಡನೇ ಸಲದ ನೋಟಕ್ಕೆ ಇನ್ನೂ ಒಂದು ಕೆಲಸ ಇದೆ: ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳುವುದು, ಅದೇ ಹತ್ತು ನಿಮಿಷವನ್ನು ಮತ್ತೆ ಹಿಂದಕ್ಕೆ ಒಯ್ದು ಸದ್ದು ಆರಿಸಿ ನೋಡುವುದು. 'ದಿ ಝೋನ್ ಆಫ್ ಇಂಟರೆಸ್ಟ್' (2023, ಜೊನಾಥನ್ ಗ್ಲೇಝರ್) ಚಿತ್ರದ ಮೇಲೆ ಹೀಗೆ ಮಾಡಿದರೆ ಎರಡು ಬೇರೆಬೇರೆ ಸಿನಿಮಾ ಸಿಗುತ್ತವೆ. ಸದ್ದಿಲ್ಲದೆ ನೋಡಿದರೆ ಹೂದೋಟ, ಮಕ್ಕಳು, ನೀರಾಟ, ಒಪ್ಪ ಓರಣದ ಮನೆ. ಅದು ನಾಜಿಗಳ ಸಾವಿನ ಶಿಬಿರದ ಅಧಿಕಾರಿಯ ಮನೆ. ಕಣ್ಣು ಮುಚ್ಚಿದರೆ ಗೋಡೆಯಾಚೆಯ ಆ ಶಿಬಿರ, ಆಶ್ವಿಟ್ಸ್: ಕುಲುಮೆಯ ಒಂದೇ ಸಮನೆ ಮೊರೆತ, ನಾಯಿ, ಗುಂಡು, ಚೀರಾಟ. ಮನೆಯೊಳಗೆ ಕ್ಯಾಮೆರಾಗಳನ್ನು ಅಡಗಿಸಿಟ್ಟು, ತಂತ್ರಜ್ಞರು ಹೊರಗಿದ್ದು, ನಟರನ್ನು ಅವರ ಪಾಡಿಗೆ ಬಿಟ್ಟು ಚಿತ್ರೀಕರಿಸಿದ್ದಾರೆ. ಹಾಗಾಗಿ ಯಾವ ಮುಖಕ್ಕೂ ಕ್ಯಾಮೆರಾ ಹತ್ತಿರ ಹೋಗಿ 'ಇವರ ಸಂಕಟ ನೋಡಿ' ಅನ್ನುವುದಿಲ್ಲ. ಅತ್ಯುತ್ತಮ ಧ್ವನಿಗೆ ಆಸ್ಕರ್ ಸಂದಿದ್ದು ನ್ಯಾಯವಾಗಿಯೇ ಇದೆ. ಇದನ್ನು ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ನೋಡಿ 'ಏನೂ ನಡೆಯುವುದಿಲ್ಲ' ಅಂದವರನ್ನು ದೂರಲಾರೆ. ಆ ಪುಟ್ಟ ಸ್ಪೀಕರುಗಳಿಗೆ ತಗ್ಗಿನ ಮೊರೆತ ಹೊರಡಿಸಲು ಆಗುವುದೇ ಇಲ್ಲ, ಅರ್ಧ ಸಿನಿಮಾ ಅಲ್ಲೇ ಸೋರಿಹೋಗುತ್ತದೆ. ಕಿವಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಇಲ್ಲದೆ ಮನೆಯಲ್ಲಿ ನೋಡಿ ಧ್ವನಿಯ ಬಗ್ಗೆ ತೀರ್ಪು ಕೊಡಬಾರದು. ಟಿವಿಯಲ್ಲಾದರೆ ಮೋಷನ್ ಸ್ಮೂದಿಂಗ್ ಆಫ್ ಮಾಡಿಯೇ ಕೂರಬೇಕು. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಟಿವಿ ತಾನೇ ನಡುವಿನ ಫ್ರೇಮುಗಳನ್ನು ಹುಟ್ಟಿಸಿ ತುರುಕಿದರೆ ಎಂಥ ಛಾಯಾಗ್ರಹಣವೂ ಧಾರಾವಾಹಿಯಂತೆ ಕಾಣುತ್ತದೆ.

'ಆಪನ್‌ಹೈಮರ್' (2023, ಕ್ರಿಸ್ಟೋಫರ್ ನೋಲನ್) ಅಣುಬಾಂಬ್ ಮಾಡಿಸಿದ ವಿಜ್ಞಾನಿಯ ಕಥೆ. ಅದರ ವಿಷಯದಲ್ಲಿ ನಾನು ಗುರುತು ಹಾಕುತ್ತ ಹೋದದ್ದು ಸಂಗೀತ ನಿಲ್ಲುವ ಜಾಗಗಳನ್ನು. 180 ನಿಮಿಷದಲ್ಲಿ ಅಂಥ ಜಾಗ ಕಡಿಮೆ. ಮಾತಿನ ಕೆಳಗೂ ಪಿಟೀಲು ಹರಿಯುತ್ತಲೇ ಇರುತ್ತದೆ, ಹಲವು ಕಡೆ ಮಾತು ಅದರಲ್ಲಿ ಮುಳುಗುತ್ತದೆ. ಇದು ದೋಷವೇ. ಆದರೆ ಬಾಂಬ್ ಪರೀಕ್ಷೆಯ ಬೆಳಕು ಚಿಮ್ಮಿದಾಗ ಎಲ್ಲ ನಿಂತು ಉಸಿರಾಟ ಮಾತ್ರ ಉಳಿಯುತ್ತದೆ, ಸದ್ದು ಬಹಳ ತಡವಾಗಿ ಬಂದು ಅಪ್ಪಳಿಸುತ್ತದೆ. ಆ ಮೌನಕ್ಕೆ ಅಷ್ಟು ತೂಕ ಬಂದದ್ದು ಅದಕ್ಕೂ ಮುಂಚೆ ಬಿಡುವಿಲ್ಲದೆ ಸುರಿದ ಸಂಗೀತದಿಂದ. ಒಂದನ್ನು ಬೈದು ಇನ್ನೊಂದನ್ನು ಹೊಗಳುವಾಗ ಈ ನಂಟನ್ನು ಬರೆಯದಿದ್ದರೆ ವಿಮರ್ಶೆ ಅರ್ಧ.

ಈ ಚಿತ್ರ ಜಪಾನಿನ ಸಾವುಗಳನ್ನು ತೋರಿಸಲಿಲ್ಲ ಅನ್ನುವ ಆಕ್ಷೇಪವನ್ನೂ ದೃಶ್ಯದ ಮೇಲೆ ಇಟ್ಟೇ ಅಳೆಯಬೇಕು. ಬಣ್ಣದ ಭಾಗವೆಲ್ಲ ನಾಯಕನ ಒಳಗಣ್ಣು, ಕಪ್ಪುಬಿಳುಪಿನ ಭಾಗ ಅದರಾಚೆಯದು. ಹಿರೋಷಿಮಾದ ಚಿತ್ರಗಳನ್ನು ತೋರಿಸುವಾಗ ಕ್ಯಾಮೆರಾ ನಾಯಕನ ಮುಖದ ಮೇಲೇ ನಿಲ್ಲುತ್ತದೆ, ಅವನು ಕಣ್ಣು ತಗ್ಗಿಸುತ್ತಾನೆ. ಅವನು ನೋಡದ್ದನ್ನು ನಮಗೆ ತೋರಿಸುವುದಿಲ್ಲ ಅನ್ನುವುದು ಚಿತ್ರ ತಾನೇ ಹಾಕಿಕೊಂಡ ನಿಯಮ, ಅಲ್ಲಿ ಅದು ಪ್ರಾಮಾಣಿಕವಾಗಿದೆ. ಇದೇ ನಿಯಮ ಹೆಂಗಸರ ಪಾತ್ರಗಳಿಗೆ ಬಂದಾಗ ನೆಪವಾಗುತ್ತದೆ. ಜೀನ್ ಟ್ಯಾಟ್‌ಲಾಕ್ ನಾಯಕನ ಪ್ರೇಯಸಿ, ಆದರೆ ಸ್ವತಃ ಒಬ್ಬ ವೈದ್ಯೆ, ತನ್ನದೇ ರಾಜಕೀಯ ನಿಲುವಿದ್ದವಳು. ಚಿತ್ರದಲ್ಲಿ ಅವಳು ನಾಯಕನ ಪಾಪಪ್ರಜ್ಞೆಯ ಗುರುತಾಗಿ ಉಳಿದುಬಿಡುತ್ತಾಳೆ.

ಇನ್ನು 'ಲ್ಯಾಗ್', ಅಂದರೆ ಎಳೆತ, ಅನ್ನುವ ಮಾತು. ನಮ್ಮ ವಿಮರ್ಶೆಗಳಲ್ಲಿ ಇಷ್ಟು ಸಲೀಸಾಗಿ ಬಳಕೆಯಾಗುವ, ಇಷ್ಟು ಕಡಿಮೆ ಪರೀಕ್ಷೆಗೆ ಒಳಗಾಗುವ ಮಾತು ಇನ್ನೊಂದಿಲ್ಲ. ಪರೀಕ್ಷೆ ಸರಳ. ಚಿತ್ರದ ಮೊದಲು, ನಡು, ಕೊನೆಯಿಂದ ಐದೈದು ನಿಮಿಷದ ಮೂರು ತುಂಡು ತೆಗೆದುಕೊಂಡು ಕಟ್‌ಗಳನ್ನು ಎಣಿಸಿ. 300 ಸೆಕೆಂಡಿನಲ್ಲಿ 75 ಶಾಟ್ (ಎರಡು ಕಟ್ ನಡುವಿನ ತುಂಡು) ಬಂದರೆ ಒಂದು ಶಾಟಿಗೆ ಸರಾಸರಿ 4 ಸೆಕೆಂಡು; 20 ಬಂದರೆ 15 ಸೆಕೆಂಡು. ಬಳಿಕ ಪ್ರತಿ ದೃಶ್ಯಕ್ಕೂ ಒಂದೊಂದು ಸಾಲು: ಈ ದೃಶ್ಯದಿಂದ ಏನು ಬದಲಾಯಿತು? ಸತತ ಮೂರು ದೃಶ್ಯಕ್ಕೆ ಉತ್ತರ ಹೊಳೆಯದಿದ್ದರೆ ಅದು ಎಳೆತ. ಶಾಟ್ ಉದ್ದವಿದ್ದ ಮಾತ್ರಕ್ಕೆ ಎಳೆತವಲ್ಲ. 4 ಸೆಕೆಂಡಿನ ಸರಾಸರಿ ಇರುವ ಹೊಡೆದಾಟವೂ ಎಳೆಯಬಹುದು, ಯಾಕೆಂದರೆ ಗೆಲ್ಲುವವರು ಯಾರು ಅಂತ ಮೊದಲ ಏಟಿಗೇ ಗೊತ್ತಾಗಿರುತ್ತದೆ.

'ಪರ್ಫೆಕ್ಟ್ ಡೇಸ್' (2023, ವಿಮ್ ವೆಂಡರ್ಸ್) ಈ ಪರೀಕ್ಷೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಟೋಕಿಯೋದ ಸಾರ್ವಜನಿಕ ಶೌಚಾಲಯ ತೊಳೆಯುವವನ ದಿನಚರಿ: ಬೀದಿ ಗುಡಿಸುವ ಸದ್ದಿಗೆ ಎಚ್ಚರ, ಹಾಸಿಗೆ ಮಡಿಸುವುದು, ಗಿಡಕ್ಕೆ ನೀರು, ಕ್ಯಾನ್ ಕಾಫಿ, ವ್ಯಾನಿನಲ್ಲಿ ಕ್ಯಾಸೆಟ್. ಮತ್ತೆ ಅದೇ, ಮತ್ತೆ ಅದೇ. ಆದರೆ ಪಟ್ಟಿ ಮಾಡಿ ನೋಡಿದರೆ ಪ್ರತಿ ಸಲ ಏನೋ ಒಂದು ಬಿಟ್ಟುಹೋಗಿರುತ್ತದೆ, ಇಲ್ಲವೇ ಹೊಸದೊಂದು ಒಳಗೆ ಬಂದಿರುತ್ತದೆ. ನನ್ನ ತಕರಾರು ಬೇರೆ ಕಡೆಯದು. ಅವನು ತೊಳೆಯುವ ಶೌಚಾಲಯಗಳು ತೊಳೆಯುವ ಮೊದಲೇ ಥಳಥಳ ಅನ್ನುತ್ತವೆ. ಅವನ ತಂಗಿ ಚಾಲಕನಿರುವ ಕಾರಿನಲ್ಲಿ ಬಂದಿಳಿದಾಗ ಈ ಸರಳ ಬದುಕು ಅವನು ಆರಿಸಿಕೊಂಡದ್ದು ಅನ್ನುವ ಸುಳಿವು ಸಿಗುತ್ತದೆ. ಬೇರೆ ದಾರಿಯಿಲ್ಲದೆ ಇದೇ ಕೆಲಸ ಮಾಡುವವರ ಬೆಳಗು ಇಷ್ಟು ಹದವಾದ ಬೆಳಕಿನಲ್ಲಿ ಇರುವುದಿಲ್ಲ. ಆ ಪಾತ್ರದ ನಟ ಕೋಜಿ ಯಾಕುಶೋ ಮುಖದ ಮೇಲೆ ನಗುವೂ ಅಳುವೂ ಒಟ್ಟೊಟ್ಟಿಗೆ ಹಾಯುವ ಕೊನೆಯ ಶಾಟ್ ಮಾತ್ರ ಯಾವ ತಕರಾರಿಗೂ ಜಗ್ಗುವುದಿಲ್ಲ.

'1917' (2019, ಸ್ಯಾಮ್ ಮೆಂಡಿಸ್) ಚಿತ್ರಕ್ಕೆ ಕಟ್ ಎಣಿಕೆ ಕೆಲಸಕ್ಕೆ ಬಾರದು, ಅದು ಒಂದೇ ಶಾಟಿನಂತೆ ಕಾಣಲೆಂದೇ ಮಾಡಿದ ಸಿನಿಮಾ. ಅಲ್ಲಿ ಕ್ಯಾಮೆರಾ ಸೈನಿಕನ ಮುಂದಿದೆಯೋ ಹಿಂದಿದೆಯೋ ಅಂತ ಬರೆದುಕೊಂಡರೆ ಸಾಕು. ಹಿಂದಿದ್ದಾಗ ಮುಂದೇನಿದೆ ಅಂತ ಅವನಷ್ಟೇ ನಮಗೂ ಗೊತ್ತಿರುವುದಿಲ್ಲ. ಛಾಯಾಗ್ರಾಹಕ ರಾಜರ್ ಡೀಕಿನ್ಸ್ ಕೆಲಸ ದೊಡ್ಡದು, ಚಿತ್ರಕಥೆ ಅದಕ್ಕೆ ತಕ್ಕ ಹಾಗಿಲ್ಲ. ಪಾಳುಬಿದ್ದ ತೋಟದ ಮನೆಯಲ್ಲಿ ಸೈನಿಕ ನೀರಿನ ಬಾಟಲಿಗೆ ಹಾಲು ತುಂಬಿಕೊಳ್ಳುತ್ತಾನೆ. ಆಮೇಲೆ ಸಿಗುವ ನೆಲಮಾಳಿಗೆಯಲ್ಲಿ ಹಾಲಿಗಾಗಿ ಹಸಿದ ಕೂಸು ಇರುತ್ತದೆ. ಕಟ್ ಇರುವ ಸಿನಿಮಾದಲ್ಲಿ ನಡುವೆ ಕಾಲ ಸರಿದು ಇಂಥ ಕಾಕತಾಳೀಯ ಮರೆಯಾಗುತ್ತದೆ. ಸೈನಿಕ ಪ್ರಜ್ಞೆ ತಪ್ಪಿದಾಗ ತೆರೆ ಒಮ್ಮೆ ಕಪ್ಪಾಗುವುದನ್ನು ಬಿಟ್ಟರೆ, ಎಡೆಬಿಡದಂತೆ ಕಾಣುವ ಈ ಶಾಟಿನಲ್ಲಿ ಅಡಗಲು ಅದಕ್ಕೆ ಹೆಚ್ಚು ಜಾಗವಿಲ್ಲ.

ಹೊಗಳಿಕೆ ತಪ್ಪು ವಿಳಾಸಕ್ಕೆ ಹೋಗುವುದು ಇನ್ನೊಂದು ಸಾಮಾನ್ಯ ತಪ್ಪು. 'ಪ್ಯಾರಸೈಟ್' (2019, ಬಾಂಗ್ ಜೂನ್-ಹೋ) ಚಿತ್ರದ ಸಿರಿವಂತರ ಮನೆಯನ್ನು ಮೆಚ್ಚಿ ಛಾಯಾಗ್ರಾಹಕರನ್ನಷ್ಟೇ ಹೊಗಳಿದ ಬರಹಗಳು ಸಾಕಷ್ಟಿವೆ. ಆ ಮನೆ ಚಿತ್ರಕ್ಕಾಗಿಯೇ ಕಟ್ಟಿಸಿದ ಸೆಟ್. ಯಾರು ಎಲ್ಲಿ ನಿಂತರೆ ಯಾರಿಗೆ ಕಾಣಬಾರದು ಅನ್ನುವ ಲೆಕ್ಕ ಗೋಡೆ ಏಳುವಾಗಲೇ ಆಗಿದೆ. ಮೆಟ್ಟಿಲು, ಕಿಟಕಿ, ಗೋಡೆಯ ವಿಷಯ ಬರೆಯುವಾಗ ಕಲಾ ನಿರ್ದೇಶಕರ ಹೆಸರನ್ನೂ ಟೈಟಲ್ ಕಾರ್ಡಿನಲ್ಲಿ ಹುಡುಕಬೇಕು.

ನಟನೆಯ ಬಗ್ಗೆ 'ಸಹಜ ಅಭಿನಯ' ಅನ್ನುವ ಎರಡು ಪದವನ್ನು ನಾನು ಬಳಸುವುದು ಬಿಟ್ಟಿದ್ದೇನೆ. 'ತಿಥಿ' (2015, ರಾಮ್ ರೆಡ್ಡಿ) ಚಿತ್ರದವರು ವೃತ್ತಿ ನಟರಲ್ಲ, ಹಳ್ಳಿಯ ಜನ. ಸಹಜ ಅಂದುಬಿಟ್ಟರೆ ಅವರು ಏನೂ ಮಾಡಲೇ ಇಲ್ಲ ಅಂದ ಹಾಗಾಗುತ್ತದೆ. ಗಡ್ಡಪ್ಪನ ನಡಿಗೆ ನೋಡಿ: ಮಗ ಜಮೀನಿನ ಚಿಂತೆಯಲ್ಲಿ ಕುದಿಯುತ್ತಿದ್ದರೂ ಆ ಹೆಜ್ಜೆಯ ವೇಗ ಏರುವುದಿಲ್ಲ, ಇಳಿಯುವುದೂ ಇಲ್ಲ. ಪಾತ್ರದ ತತ್ವವೆಲ್ಲ ಆ ಹೆಜ್ಜೆಯಲ್ಲಿದೆ. ಬರೆಯಬೇಕಾದದ್ದು ಅದನ್ನು.

ಬರೆಯಲು ಕೂತಾಗ ಅಳತೆ ಇಷ್ಟು: 800 ಪದದ ವಿಮರ್ಶೆಯಲ್ಲಿ ಕಥೆಗೆ 120 ಪದ ಮೀರಬಾರದು, ಚಿತ್ರದ ಮೊದಲ ಕಾಲುಭಾಗದ ಆಚೆಯ ತಿರುವು ಹೇಳಲೇಬೇಕಾದರೆ ಓದುಗರಿಗೆ ಮೊದಲೇ ಎಚ್ಚರಿಸಬೇಕು. ಕರಡು ಮುಗಿದ ಮೇಲೆ ಪ್ರತಿ ವಿಶೇಷಣದ ಕೆಳಗೂ ಗೆರೆ ಎಳೆದು, ಅದರ ಪಕ್ಕ ಆಧಾರದ ದೃಶ್ಯ ಬರೆಯುತ್ತೇನೆ. ದೃಶ್ಯ ನೆನಪಾಗದಿದ್ದರೆ ವಿಶೇಷಣ ಹೋಗಬೇಕು. 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' (2024, ಪಾಯಲ್ ಕಪಾಡಿಯಾ) ಕುರಿತ ಕರಡಿನಲ್ಲಿ 'ಮನಮುಟ್ಟುವ' ಅನ್ನುವ ಪದ ಹೀಗೆ ಹೋಯಿತು. ಅದರ ಜಾಗಕ್ಕೆ ಬಂದದ್ದು ಕುಕ್ಕರ್. ಎಷ್ಟೋ ಕಾಲದಿಂದ ಸುದ್ದಿಯಿಲ್ಲದ ಗಂಡನಿರುವ ಜರ್ಮನಿಯಿಂದ ಮುಂಬೈಯ ನರ್ಸ್ ಪ್ರಭಾಗೆ ಒಂದು ಕೆಂಪು ರೈಸ್ ಕುಕ್ಕರ್ ಬರುತ್ತದೆ, ಚೀಟಿಯಿಲ್ಲ, ಮಾತಿಲ್ಲ. ರಾತ್ರಿ ಅವಳು ನೆಲದ ಮೇಲೆ ಕೂತು ಅದನ್ನು ತಬ್ಬಿಕೊಳ್ಳುತ್ತಾಳೆ. ಪ್ರಭಾ ಪಾತ್ರದ ಕನಿ ಕುಸೃತಿ ಅಲ್ಲಿ ಅಳುವುದಿಲ್ಲ, ಕ್ಯಾಮೆರಾ ಅವಸರಪಡುವುದಿಲ್ಲ.