ಇಎನ್-19 ಬಾರ್ ತರುವ ಮೊದಲು, ತಂದ ಮೇಲೆ

ನರಗುಂದ, ನವಲಗುಂದದ ಎರೆಹೊಲದಲ್ಲಿ ರೋಟಾವೇಟರ್ ಶಾಫ್ಟು, ಟ್ರೇಲರ್ ಪಿನ್ನು ಪದೇ ಪದೇ ಬಾಗಿದರೆ ‘ಇಎನ್-8 ಬಿಡ್ರಿ, ಇಎನ್-19 ಹಾಕ್ರಿ’ ಎನ್ನುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಲೇಥ್ ಶೆಡ್ಡುಗಳಲ್ಲಿ ಕೇಳಿಸುವ ಮಾತೇ ಇದು. ಇಎನ್-8 ಸಾದಾ ಕಾರ್ಬನ್ ಉಕ್ಕು, ಇಎನ್-19 ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು. ಮಾತು ಸರಿ, ಆದರೆ ಅರ್ಧ ಮಾತ್ರ. ಯಾವ ಸ್ಥಿತಿಯ ಇಎನ್-19, ಗಡಸು ಮಾಡಿದ್ದೋ ಮೆತ್ತಗಿನದೋ ಎಂದು ಕೇಳದೆ ತಂದರೆ ದುಡ್ಡೂ ಹೋಗುತ್ತದೆ, ಪಿನ್ನೂ ಬಾಗುತ್ತದೆ.

ಒಳಗೆ ಏನಿದೆ ನೋಡಿ. ಕಾರ್ಬನ್ ಶೇ. 0.36–0.44, ಸಿಲಿಕಾನ್ 0.10–0.40, ಮ್ಯಾಂಗನೀಸ್ 0.70–1.00, ಕ್ರೋಮಿಯಂ 0.90–1.20, ಮಾಲಿಬ್ಡಿನಂ 0.25–0.35. ಗಂಧಕ 0.040, ರಂಜಕ 0.035 ಮೀರಬಾರದು. ಇಎನ್-8ರಲ್ಲೂ ಕಾರ್ಬನ್ ಇಷ್ಟೇ. ಉಕ್ಕು ಎಷ್ಟು ಗಡಸಾಗಬಲ್ಲದು ಎಂಬುದನ್ನು ತೀರ್ಮಾನಿಸುವುದು ಕಾರ್ಬನ್. ಆ ಗಡಸುತನ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಕ್ರೋಮಿಯಂ, ಮಾಲಿಬ್ಡಿನಂ ಕೆಲಸ. 60 ಮಿ.ಮೀ. ಇಎನ್-8 ಬಾರನ್ನು ಕಾಯಿಸಿ ಅದ್ದಿದರೆ ಮೇಲ್ಪದರ ಗಡಸಾಗಿ ತಿರುಳು ಮೆತ್ತಗೇ ಉಳಿಯುತ್ತದೆ. ಇಎನ್-19 ಎಣ್ಣೆಯಲ್ಲೇ ಬಹಳ ಆಳದವರೆಗೆ ಗಡಸಾಗುತ್ತದೆ. ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ, ಅದ್ದಿ ಗಡಸು ಮಾಡುವುದು) ಆಗದಿದ್ದರೆ ಈ ಎರಡು ಧಾತುಗಳಿಗೆ ಕೊಟ್ಟ ಹಣ ಬಹುಮಟ್ಟಿಗೆ ವ್ಯರ್ಥ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಬೇಕು. ಬಳುಕುವುದು ಬೇರೆ, ಬಾಗುವುದು ಬೇರೆ. ಭಾರ ತೆಗೆದ ಮೇಲೆ ನೆಟ್ಟಗಾಗುವ ಬಳುಕು ಎರಡೂ ಉಕ್ಕಿನಲ್ಲಿ ಒಂದೇ, ಏಕೆಂದರೆ ಎರಡರ ಸ್ಥಿತಿಸ್ಥಾಪಕತ್ವ ಗುಣಾಂಕವೂ (ಬಳುಕನ್ನು ತಡೆಯುವ ಬಿಗಿತದ ಅಳತೆ) ಸುಮಾರು 205 ಗಿಗಾಪ್ಯಾಸ್ಕಲ್. ಶಾಫ್ಟ್ ಬಳುಕಿ ಬೇರಿಂಗ್ ತಿನ್ನುತ್ತಿದ್ದರೆ ಗ್ರೇಡ್ ಬದಲಿಸಿ ಉಪಯೋಗವಿಲ್ಲ, ದಪ್ಪ ಹೆಚ್ಚಿಸಿ: 50ರಿಂದ 60 ಮಿ.ಮೀ.ಗೆ ಹೋದರೆ ಬಳುಕು ಅರ್ಧಕ್ಕೆ ಇಳಿಯುತ್ತದೆ. ಬಾಗಿ ಹಾಗೇ ಉಳಿಯುತ್ತಿದ್ದರೆ ಮಾತ್ರ ಇಎನ್-19.

ಕೊಳ್ಳುವಾಗ ‘ಟಿ ಕಂಡೀಷನ್’, ಅಂದರೆ ಮೊದಲೇ ಗಡಸು ಮಾಡಿ ಟೆಂಪರ್ ಮಾಡಿದ ಬಾರ್ ಎಂದೇ ಕೇಳಿ. ಗಡಸುತನ 248–302 ಬ್ರಿನೆಲ್, ಕರ್ಷಣ ಬಲ 850–1000 ಮೆಗಾಪ್ಯಾಸ್ಕಲ್, ಈಲ್ಡ್ (ಬಾಗಿ ಹಾಗೇ ಉಳಿಯಲು ಶುರುವಾಗುವ ಮಟ್ಟ) ಕನಿಷ್ಠ 680. ಈ ಅಂಕಿಗಳು 100 ಮಿ.ಮೀ. ದಪ್ಪದವರೆಗೆ. ಅನೀಲ್ ಮಾಡಿದ (ಕಾಯಿಸಿ ನಿಧಾನ ಆರಿಸಿ ಮೆತ್ತಗಾಗಿಸಿದ) ಬಾರ್ ಸುಮಾರು 200 ಬ್ರಿನೆಲ್ ತೋರಿಸುತ್ತದೆ. ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಉಕ್ಕು ಕರಗಿಸಿದ ಕಂತಿನ ಸಂಖ್ಯೆ) ಬಾರಿನ ತುದಿಯ ಗುರುತಿಗೆ ಹೊಂದಬೇಕು. ಕತ್ತರಿಸುವಾಗ ಗುರುತಿಲ್ಲದ ತುದಿಯಿಂದಲೇ ಕತ್ತರಿಸಿ. ಮಾಲಿಬ್ಡಿನಂ 0.18 ಎಂದಿದ್ದರೆ ಅದು 4140 ಎಂಬ ಅಮೆರಿಕನ್ ಗ್ರೇಡ್. ಹತ್ತಿರದ ಬಂಧು, ಕೆಟ್ಟದ್ದಲ್ಲ, ಆದರೆ ಇಎನ್-19 ಅಲ್ಲ. ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ: 50 ಮಿ.ಮೀ. ಬಾರ್ ಮೀಟರಿಗೆ 15.4 ಕೆ.ಜಿ.

ಕಾಗದ ಇಲ್ಲದ ತುಂಡನ್ನು ಗ್ರೈಂಡರಿಗೆ ಹಿಡಿಯಿರಿ. ಪಕ್ಕದಲ್ಲೇ ಗೊತ್ತಿರುವ ಇಎನ್-8 ತುಂಡೊಂದು ಇರಲಿ. ಮಾಲಿಬ್ಡಿನಂ ಇದ್ದರೆ ಕಿಡಿಯ ಗೆರೆಯ ಕೊನೆಯಲ್ಲಿ, ಗೆರೆಯಿಂದ ಬೇರ್ಪಟ್ಟಂತೆ, ಭರ್ಚಿಯ ಮೊನೆಯಂಥ ಚುಕ್ಕೆ ಕಾಣುತ್ತದೆ. ನೆರಳಿನಲ್ಲಿ ನೋಡಬೇಕು. ಇದು ಅನುಮಾನ ಹುಟ್ಟಿಸಲು ಸಾಕು, ತೀರ್ಪಿಗೆ ಸಾಲದು. ಜೀವಕ್ಕೆ ಸಂಬಂಧಿಸಿದ ಭಾಗವಾದರೆ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋ ಟೆಸ್ಟ್ ಮಾಡಿಸಲೇಬೇಕು.

ರೋಲ್ ಆದ ಕಪ್ಪು ಬಾರಿನ ಸಿಪ್ಪೆಯಲ್ಲಿ ಕಾರ್ಬನ್ ಸುಟ್ಟುಹೋಗಿರುತ್ತದೆ. ಸುತ್ತಲೂ ಕನಿಷ್ಠ 2 ಮಿ.ಮೀ. ತೆಗೆಯಿರಿ. ವ್ಯಾಸ ಬದಲಾಗುವ ಮೂಲೆಯಲ್ಲಿ ಚೂಪಾದ ಟೂಲ್ ಹಚ್ಚಬೇಡಿ, 2–3 ಮಿ.ಮೀ. ರೇಡಿಯಸ್ ಕೊಡಿ. ಮುರಿದ ಶಾಫ್ಟುಗಳನ್ನು ಗಮನಿಸಿದರೆ ಸೀಳು ಹೆಚ್ಚಾಗಿ ಈ ಮೂಲೆಯಲ್ಲೋ ಕೀಲಿ ಕೂರುವ ತೋಡಿನ (ಕೀ-ವೇ) ತುದಿಯಲ್ಲೋ ಹುಟ್ಟಿರುತ್ತದೆ.

ಅನೀಲ್ ಬಾರ್ ತಂದಿದ್ದರೆ ರಫ್ ಟರ್ನಿಂಗ್ ಮಾಡಿ, 1–1.5 ಮಿ.ಮೀ. ಉಳಿಸಿ ಹೀಟ್ ಟ್ರೀಟ್‌ಮೆಂಟಿಗೆ ಕಳಿಸಿ. 840–870 ಡಿಗ್ರಿಗೆ ಸಮನಾಗಿ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ನೀರು ಬೇಡ, ಸೀಳುತ್ತದೆ. ಉದ್ದನೆಯ ಶಾಫ್ಟನ್ನು ತೂಗುಹಾಕಿ ನೆಟ್ಟಗೆ ಇಳಿಸಿ, ಮಲಗಿಸಿದರೆ ಡೊಂಕಾಗುತ್ತದೆ. ಎಣ್ಣೆಯಿಂದ ಬಂದ ಬಾರ್ ಗಾಜಿನಂತೆ ಪೆಡಸು. ಬೆಳಗ್ಗೆ ನೋಡೋಣ ಎಂದು ರಾತ್ರಿ ಇಡಬೇಡಿ. ಕೈಗೆ ಬೆಚ್ಚಗಿರುವಾಗಲೇ ಟೆಂಪರಿಂಗ್ (ಪೆಡಸು ಕಳೆಯಲು ಕಡಿಮೆ ಕಾವಿನಲ್ಲಿ ಮತ್ತೆ ಕಾಯಿಸುವುದು) ಕುಲುಮೆಗೆ ಹೋಗಲಿ. 550–700 ಡಿಗ್ರಿ, 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಾಸು. ಉಷ್ಣತೆ ಏರಿದಷ್ಟೂ ಗಡಸುತನ ಇಳಿದು ಜಿಗುಟು, ಅಂದರೆ ಮುರಿಯದೆ ಹೊಡೆತ ತಾಳುವ ಗುಣ, ಬರುತ್ತದೆ. 230–370 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ ಉಕ್ಕು ಮತ್ತೆ ಪೆಡಸಾಗುತ್ತದೆ, ಹೊಡೆತ ತಿನ್ನುವ ಪಿನ್ನಿಗೆ ಅದು ಬೇಡವೇ ಬೇಡ. ಟಿ ಕಂಡೀಷನ್ ಶಾಫ್ಟ್ ಡೊಂಕಾದರೆ ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿ. ಗ್ಯಾಸಿನಿಂದ ಕೆಂಪಗೆ ಕಾಯಿಸಿದರೆ ಆ ಜಾಗದ ಟೆಂಪರ್ ಕೆಡುತ್ತದೆ.

ವೆಲ್ಡಿಂಗ್ ತಪ್ಪಿಸಬಹುದಾದರೆ ತಪ್ಪಿಸಿ. ಈ ಉಕ್ಕಿನ ಕಾರ್ಬನ್ ಸಮಾನಾಂಕ (ಬೆಸೆದಾಗ ಸೀಳುವ ಅಪಾಯದ ಅಳತೆ) ಸುಮಾರು 0.8, ಅಂದರೆ ಹೆಚ್ಚು. ತಣ್ಣಗಿನ ಬಾರಿಗೆ ಬೆಸೆದರೆ ಬೆಸುಗೆಯ ಅಂಚು ತಕ್ಷಣ ಗಡಸಾಗುತ್ತದೆ, ತೇವದಿಂದ ಬಂದ ಹೈಡ್ರೋಜನ್ ಅಲ್ಲಿ ಸಿಕ್ಕಿಕೊಂಡು ಮರುದಿನ ಕೂದಲೆಳೆಯಂಥ ಸೀಳು ತೆರೆಯುತ್ತದೆ. ಮಾಡಲೇಬೇಕಾದರೆ 7018 ರಾಡನ್ನು (ಹೈಡ್ರೋಜನ್ ಕಡಿಮೆ ಇರುವ ವೆಲ್ಡಿಂಗ್ ರಾಡ್) 300–350 ಡಿಗ್ರಿಯಲ್ಲಿ ಒಂದು ತಾಸು ಒಣಗಿಸಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೆರೆದಿಟ್ಟ ಪ್ಯಾಕೆಟ್ಟನ್ನು ಹಾಗೇ ಬಳಸಲೇಬೇಡಿ. ಬಾರನ್ನು 200–300 ಡಿಗ್ರಿಗೆ ಕಾಯಿಸಿ, ಕೆಲಸ ಮುಗಿಯುವವರೆಗೂ ಆ ಕಾವು ಇಳಿಯದಂತೆ ನೋಡಿ, ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತು ನಿಧಾನ ಆರಿಸಿ. ಡೈ ಪೆನೆಟ್ರಂಟ್ (ಸೀಳಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಾಕಿ ಪರೀಕ್ಷಿಸುವುದು ಆರಿದ ತಕ್ಷಣ ಅಲ್ಲ, 48 ತಾಸು ಕಳೆದ ಮೇಲೆ. ಅಲ್ಲಿಯವರೆಗೆ ಸಾಮಾನನ್ನು ಹೊಲಕ್ಕೆ ಕಳಿಸಬೇಡಿ.